ಒಂದು ಭಾನುವಾರ, ಒಂದೇ ಜಾಗ: ಚಿಕ್ಕ ಮಕ್ಕಳ ಜೊತೆ ಶಿವಮೊಗ್ಗದ ಸುತ್ತ ತಿರುಗಾಟ

ಮಗಳಿಗೆ ಮೂರು ವರ್ಷ ಇದ್ದಾಗ ಒಂದು ಭಾನುವಾರ ಕೆಳದಿ, ಇಕ್ಕೇರಿ, ಜೋಗ ಮೂರನ್ನೂ ಒಂದೇ ದಿನ ನೋಡಿಬರಲು ಹೊರಟೆವು. ಶಿವಮೊಗ್ಗದಿಂದ ಜೋಗಕ್ಕೇ ಸುಮಾರು 100 ಕಿ.ಮೀ. ಕೆಳದಿಯಲ್ಲಿ ಅವಳಿಗೆ ಹಸಿವು. ಇಕ್ಕೇರಿಯಲ್ಲಿ ನಿದ್ದೆ. ಜೋಗ ಮುಟ್ಟುವ ಹೊತ್ತಿಗೆ ಮಂಜು ಕವಿದು, 253 ಮೀಟರ್ ಎತ್ತರದಿಂದ ಬೀಳುವ ಶರಾವತಿಯ ಸದ್ದು ಮಾತ್ರ ಕೇಳುತ್ತಿತ್ತು. ವಾಪಸ್ ಬರುವಾಗ ಎರಡು ಸಲ ವಾಂತಿ. ಮನೆ ಸೇರಿದಾಗ ರಾತ್ರಿ ಒಂಬತ್ತೂವರೆ. ಮರುದಿನ ನಮ್ಮ ಅತ್ತೆ "ಏನೇನು ನೋಡ್ದೆ ಪುಟ್ಟಿ?" ಅಂತ ಕೇಳಿದರು. "ನಾಯಿ. ನನ್ನ ಬಿಸ್ಕೆಟ್ ತಿಂತು" ಅಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ. ಆರು ವರ್ಷದೊಳಗಿನ ಮಕ್ಕಳು ಜೊತೆಗಿದ್ದರೆ ಒಂದು ದಿನಕ್ಕೆ ಒಂದೇ ಜಾಗ, ಮಧ್ಯಾಹ್ನದ ಊಟ ಮನೆಯಲ್ಲಿ. ಈಗ ಮಗಳಿಗೆ ಆರು, ಮಗನಿಗೆ ಎರಡೂವರೆ. ತಿಂಗಳಿಗೆ ಎರಡು ಭಾನುವಾರವಾದರೂ ಹೊರಗೆ ಹೋಗುತ್ತೇವೆ. ಸೋಮವಾರ ಬೆಳಿಗ್ಗೆ ಯಾರೂ ಸುಸ್ತಾಗಿ ಮುಖ ಊದಿಸಿಕೊಂಡು ಏಳುವುದಿಲ್ಲ. ಹೇಗೆ ಮಾಡುತ್ತೇವೆ ಅನ್ನುವುದನ್ನು ಒಂದೊಂದೇ ಹಂತವಾಗಿ ಬರೆದಿದ್ದೇನೆ. ಜಾಗಗಳು ಶಿವಮೊಗ್ಗದವರ ಲೆಕ್ಕದಲ್ಲಿವೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು ನಿಮ್ಮ ಹತ್ತಿರದ ಜಾಗ ಹಾಕಿಕೊಳ್ಳಿ.

ಹಂತ 1: ಮೊದಲು ಮಗುವಿನ ಹೊತ್ತು ನೋಡಿ, ಆಮೇಲೆ ಊರು

ಒಂದು ವಾರ ಸುಮ್ನೆ ಗಮನಿಸಿ. ಚಿಕ್ಕವನು ಎಷ್ಟು ಗಂಟೆಗೆ ಏಳುತ್ತಾನೆ, ಯಾವಾಗ ಹಸಿವು ಅಂತಾನೆ, ಕಕ್ಕಸಿಗೆ ಯಾವಾಗ ಹೋಗುತ್ತಾನೆ, ಮಧ್ಯಾಹ್ನ ಎಷ್ಟು ಹೊತ್ತಿಗೆ ಕಣ್ಣು ಉಜ್ಜಲು ಶುರು ಮಾಡುತ್ತಾನೆ. ಕ್ಯಾಲೆಂಡರಿನ ಹಿಂದೆ ಬರೆದಿಡಿ. ನಮ್ಮ ಮಗ ಆರೂವರೆಗೆ ಏಳುತ್ತಾನೆ, ಹನ್ನೆರಡೂವರೆಗೆ ಮಲಗಲೇಬೇಕು. ಹಾಗಾಗಿ ನಮಗೆ ಸಿಗುವುದು ಏಳೂವರೆಯಿಂದ ಹನ್ನೆರಡರವರೆಗೆ, ನಾಲ್ಕೂವರೆ ಗಂಟೆ. ಇದರಲ್ಲಿ ಒಂದೂವರೆ ಗಂಟೆ ದಾರಿಗೆ ಹೋಗುತ್ತದೆ. ಉಳಿದ ಮೂರು ಗಂಟೆ ಆಟಕ್ಕೆ, ತಿನ್ನುವುದಕ್ಕೆ, ಚಡ್ಡಿ ಬದಲಿಸುವುದಕ್ಕೆ.

ಈ ಲೆಕ್ಕ ಹಾಕಿದಾಗ ತಾನಾಗಿಯೇ ಗೊತ್ತಾಗುತ್ತದೆ, ನಾವು 30 ಕಿ.ಮೀ. ಆಚೆ ಹೋಗಬಾರದು ಅಂತ. ಶಿವಮೊಗ್ಗದವರ ಅದೃಷ್ಟ, ಅಷ್ಟರೊಳಗೇ ಆನೆ ಇದೆ, ಹುಲಿ ಇದೆ, ಹೊಳೆ ಇದೆ, ಹಕ್ಕಿ ಇದೆ.

ಹಂತ 2: ತಿಂಗಳು ನೋಡಿ ಜಾಗ ಆರಿಸಿ

ಸಕ್ರೆಬೈಲು ಆನೆ ಬಿಡಾರ ನನ್ನ ಮೊದಲ ಆಯ್ಕೆ. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ., ಗಾಜನೂರು ಅಣೆಕಟ್ಟೆಯ ಹಿನ್ನೀರಿನ ಪಕ್ಕ. ರಾತ್ರಿ ಕಾಡಿಗೆ ಮೇಯಲು ಬಿಟ್ಟ ಆನೆಗಳನ್ನು ಮಾವುತರು, ಕಾವಾಡಿಗಳು ಬೆಳಿಗ್ಗೆ ಹುಡುಕಿ ಕರೆತರುತ್ತಾರೆ. ಆಮೇಲೆ ತುಂಗೆಯ ನೀರಿನಲ್ಲಿ ಸ್ನಾನ. ಇದನ್ನು ನೋಡಬೇಕಾದರೆ ಎಂಟೂವರೆಗೆ ಅಲ್ಲಿರಬೇಕು. ಹನ್ನೊಂದರ ಮೇಲೆ ಹೋದರೆ ಏನೂ ಸಿಗುವುದಿಲ್ಲ. ಬೆಳಗಿನ ಕೆಲಸವಾದ್ದರಿಂದ ಚಿಕ್ಕ ಮಕ್ಕಳ ಹೊತ್ತಿಗೆ ಸರಿಯಾಗಿ ಹೊಂದುತ್ತದೆ. ಆನೆ ಮಗ್ಗುಲಾಗಿ ನೀರಿನಲ್ಲಿ ಮಲಗಿ ಬೆನ್ನು ಉಜ್ಜಿಸಿಕೊಳ್ಳುವುದನ್ನು ನೋಡಿದ ಮೇಲೆ ನಮ್ಮ ಮಗ ಮನೆಯಲ್ಲಿ ಸ್ನಾನಕ್ಕೆ ಅಳುವುದು ಕಡಿಮೆ ಮಾಡಿದ. "ಆನೆ ಥರ ಮಲ್ಕೊ" ಅಂದರೆ ಸಾಕು, ತಲೆಗೆ ನೀರು ಹಾಕಿಸಿಕೊಳ್ಳುತ್ತಾನೆ.

ಅಲ್ಲಿ ಮೂರು ವಿಷಯ ನೆನಪಿಡಿ. ಮಾವುತರು ತೋರಿಸಿದ ಕಡೆ ಮಾತ್ರ ನಿಲ್ಲಿ. ಮರಿಯಾನೆ ಎಷ್ಟೇ ಮುದ್ದಾಗಿ ಕಂಡರೂ ಅದರ ತಾಯಿ ಪಕ್ಕದಲ್ಲೇ ಇರುತ್ತಾಳೆ, ಹತ್ತಿರ ಹೋಗಬೇಡಿ. ಮಕ್ಕಳು ಓಡದ ಹಾಗೆ, ಕಿರುಚದ ಹಾಗೆ ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ಭಾನುವಾರ ಜನ ಜಾಸ್ತಿ. ಹಾಗಾಗಿ ಇಬ್ಬರಿಗೂ ದೂರದಿಂದ ಕಾಣುವ ಹಳದಿ ಅಥವಾ ಕೆಂಪು ಅಂಗಿ ಹಾಕಿಸುತ್ತೇನೆ. ಮೊಣಕೈ ಒಳಗಡೆ ಬಾಲ್‌ಪೆನ್ನಿನಲ್ಲಿ ನಮ್ಮ ಫೋನ್ ನಂಬರ್ ಬರೆಯುತ್ತೇನೆ.

ತ್ಯಾವರೆಕೊಪ್ಪದ ಹುಲಿ-ಸಿಂಹ ಧಾಮ ಸಾಗರ ರಸ್ತೆಯಲ್ಲಿದೆ, ಊರಿನಿಂದ ಸುಮಾರು 10 ಕಿ.ಮೀ. ಮಂಗಳವಾರ ರಜೆ. ಬಿಸಿಲೇರಿದ ಮೇಲೆ ಪ್ರಾಣಿಗಳು ನೆರಳಿಗೆ ಸೇರಿ ಮಲಗಿಬಿಡುತ್ತವೆ. ಹಾಗಾಗಿ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮೊದಲು ಸಫಾರಿ ಬಸ್ಸು ಹತ್ತಿ, ಆಮೇಲೆ ನಡೆದು ನೋಡುವ ಮೃಗಾಲಯ. ನಡೆದು ದಣಿದ ಮಗುವನ್ನು ಬಸ್ಸಿನಲ್ಲಿ ಕೂರಿಸಿದರೆ ಹುಲಿ ಬರುವ ಮುಂಚೆ ನಿದ್ದೆ ಹೋಗುತ್ತದೆ.

ಮಂಡಗದ್ದೆಗೆ ಮಳೆಗಾಲದಲ್ಲೇ ಹೋಗಬೇಕು. ತೀರ್ಥಹಳ್ಳಿ ರಸ್ತೆಯಲ್ಲಿ 30 ಕಿ.ಮೀ., ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮರವೆಲ್ಲ ಬಿಳಿ ಬಿಳಿ. ರಸ್ತೆ ಬದಿಯಿಂದಲೇ ಕಾಣುತ್ತದೆ, ಹೆಚ್ಚು ನಡೆಯಬೇಕಾಗಿಲ್ಲ. ಒಂದು ಗಂಟೆ ಸಾಕು. ಮಕ್ಕಳಿಗೆ "ಹಕ್ಕಿ ನೋಡು" ಅಂದರೆ ಎರಡು ನಿಮಿಷಕ್ಕೆ ಬೇಸರ ಬರುತ್ತದೆ. "ಬಾಯಲ್ಲಿ ಕಡ್ಡಿ ಹಿಡ್ಕೊಂಡ್ ಬರೋ ಹಕ್ಕಿ ಎಷ್ಟು, ಎಣಿಸು" ಅಂದರೆ ಅರ್ಧ ಗಂಟೆ ಕೂರುತ್ತಾರೆ.

ಕೂಡ್ಲಿ ಚಳಿಗಾಲಕ್ಕೆ, ಬೇಸಿಗೆಯ ಮೊದಲ ತಿಂಗಳಿಗೆ ಒಳ್ಳೆಯದು. ಸುಮಾರು 16 ಕಿ.ಮೀ. ತುಂಗೆ, ಭದ್ರೆ ಸೇರುವ ಜಾಗ. ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನದ ಅಂಗಳದಲ್ಲಿ ಮಕ್ಕಳು ಓಡಾಡಬಹುದು. "ನಾವು ಮನೇಲಿ ಕುಡಿಯೋದು ಈ ಕಡೆಯಿಂದ ಬರೋ ನೀರು, ಆ ಕಡೆಯಿಂದ ಬರೋದು ಭದ್ರಾವತಿ ನೀರು" ಅಂತ ತೋರಿಸಿದಾಗ ಮಗಳು ಬಹಳ ಹೊತ್ತು ನೋಡುತ್ತಾ ನಿಂತಳು. ಆಮೇಲೆ "ಇಲ್ಲಿಂದ ಮುಂದೆ ಯಾರ ನೀರು?" ಅಂದಳು.

ಹೊಳೆ ಅಂದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜೂನಿನಿಂದ ಅಕ್ಟೋಬರ್‌ವರೆಗೆ ಮಕ್ಕಳನ್ನು ಮೆಟ್ಟಿಲಿನಿಂದ ಕೆಳಗೆ ಇಳಿಸಲೇಬೇಡಿ. ಮೇಲೆ ಘಟ್ಟದಲ್ಲಿ ಮಳೆಯಾಗಿ ಗಾಜನೂರಿನಲ್ಲಿ ಗೇಟು ಎತ್ತಿದರೆ ನಮ್ಮ ತಲೆ ಮೇಲೆ ಬಿಸಿಲಿದ್ದರೂ ನೀರು ಏರುತ್ತದೆ. ಉಳಿದ ತಿಂಗಳಲ್ಲೂ ಪಾಚಿ ಕಟ್ಟಿದ ಬಂಡೆ ಜಾರುತ್ತದೆ. ನಾವು ಮಾಡುವುದು ಇಷ್ಟು: ನೀರಿನ ಹತ್ತಿರ ಹೋದರೆ ಒಬ್ಬ ದೊಡ್ಡವರಿಗೆ ಒಂದು ಮಗು, ಕೈ ಹಿಡಿದೇ ಇರಬೇಕು, ಫೋನ್ ಚೀಲದೊಳಗೆ. ನೀರಿನಲ್ಲಿ ನಿಲ್ಲಿಸಿ ಫೋಟೊ ತೆಗೆಯುವುದನ್ನು ಪೂರ್ತಿ ಬಿಟ್ಟಿದ್ದೇವೆ.

ದೊಡ್ಡ ಮಗುವಿಗೆ ಐದು ದಾಟಿದ್ದರೆ ವರ್ಷಕ್ಕೆ ಒಂದೆರಡು ಸಲ ಪೂರ್ತಿ ದಿನದ ತಿರುಗಾಟ ಮಾಡಬಹುದು. ಅದಕ್ಕೆ ರೈಲು ಒಳ್ಳೆಯದು. ಶಿವಮೊಗ್ಗ ಟೌನ್ ನಿಲ್ದಾಣದಿಂದ ಕುಂಸಿ, ಅರಸಾಳು, ಆನಂದಪುರದ ಹಾದಿಯಲ್ಲಿ ಸಾಗರ ಜಂಬಗಾರಿಗೆ ಹೋಗಿ. ಮಗು ಎದ್ದು ಓಡಾಡಬಹುದು, ಪಾಯಿಖಾನೆ ಇರುತ್ತದೆ, ವಾಂತಿ ಕಡಿಮೆ. ಸಾಗರದಿಂದ ಇಕ್ಕೇರಿ ಆಟೋದಲ್ಲಿ ಹೋಗುವಷ್ಟು ಹತ್ತಿರ. ಅಘೋರೇಶ್ವರ ದೇವಸ್ಥಾನದ ಮುಂದಿನ ದೊಡ್ಡ ನಂದಿಯನ್ನು ಮಕ್ಕಳು ಮರೆಯುವುದಿಲ್ಲ. ಅವತ್ತೂ ಅಷ್ಟೇ, ಇಕ್ಕೇರಿ ಒಂದೇ. ಜೋಗಕ್ಕೆ ಇನ್ನೊಂದು ಸಲ ಹೋಗಿ.

ಹಂತ 3: ಶನಿವಾರ ಸಂಜೆ ಕೆಲಸ ಹಂಚಿ

ಇದು ಬಹಳ ಮನೆಗಳಲ್ಲಿ ಆಗದೇ ಇರುವ ಕೆಲಸ. ಭಾನುವಾರ ಎಲ್ಲರಿಗೂ ರಜೆ, ಅಮ್ಮನಿಗೆ ಮಾತ್ರ ನಾಲ್ಕೂವರೆಗೆ ಅಲಾರಂ. ಬುತ್ತಿ ಅವಳೇ ಕಟ್ಟಬೇಕು, ಬಟ್ಟೆ ಅವಳೇ ತುಂಬಬೇಕು, ದಾರಿಯಲ್ಲಿ ಅವಳ ಮಡಿಲಲ್ಲೇ ಮಗು. ವಾಪಸ್ ಬಂದ ಮೇಲೆ ಪಾತ್ರೆಯೂ ಅವಳದ್ದೇ. ಹೀಗಾದರೆ ಎರಡು ವಾರಕ್ಕೆ ಹೊರಗೆ ಹೋಗುವ ಆಸೆಯೇ ಹೋಗುತ್ತದೆ. ನನಗೆ ಹಾಗೆ ಆಗಿತ್ತು. ಒಂದು ಶನಿವಾರ ಕೂತು ಮಾತಾಡಿದೆವು. ಈಗ ಚೀಲ ತುಂಬುವುದು, ಮಗುವನ್ನು ಎತ್ತಿಕೊಳ್ಳುವುದು, ಬಂದ ಮೇಲೆ ಮಕ್ಕಳಿಗೆ ಸ್ನಾನ ಮಾಡಿಸುವುದು ನಮ್ಮನೆಯವರ ಕೆಲಸ. ಅಡುಗೆ ನನ್ನದು. ಬಾಟಲಿಗಳಿಗೆ ನೀರು ತುಂಬಿಸುವುದು ಮಗಳ ಕೆಲಸ, ಅವಳಿಗೆ ಅದರ ಹೆಮ್ಮೆ ಜಾಸ್ತಿ. ಬಾಯಿಮಾತಿನಲ್ಲಿ ಬಿಡಬೇಡಿ, ಯಾರದ್ದು ಯಾವುದು ಅಂತ ಬರೆದು ಫ್ರಿಜ್ಜಿಗೆ ಅಂಟಿಸಿ.

ಚೀಲದಲ್ಲಿ ಇರಲೇಬೇಕಾದ್ದು: ಪ್ರತಿ ಮಗುವಿಗೆ ಎರಡು ಜೊತೆ ಬಟ್ಟೆ, ಬೇರೆ ಬೇರೆ ಕವರಿನಲ್ಲಿ. ಟವೆಲಿಗಿಂತ ಹಳೇ ಪಂಚೆಯ ತುಂಡು ಮೇಲು, ಮಲೆನಾಡಿನ ಹವೆಯಲ್ಲೂ ಬೇಗ ಒಣಗುತ್ತದೆ, ಹಾಸಲೂ ಆಗುತ್ತದೆ, ಹೊದೆಸಲೂ ಆಗುತ್ತದೆ. ಕುದಿಸಿ ಆರಿಸಿದ ನೀರು. ಒಆರ್‌ಎಸ್ ಪೊಟ್ಟಣ, ಅದನ್ನು ಎಷ್ಟು ನೀರಿಗೆ ಬೆರೆಸಬೇಕು ಅಂತ ಪೊಟ್ಟಣದ ಮೇಲೆ ಓದಿ, ಅಂದಾಜಿಗೆ ಬೆರೆಸಬೇಡಿ. ನಿಮ್ಮ ಮಕ್ಕಳ ಡಾಕ್ಟರು ತೂಕ ನೋಡಿ ಬರೆದುಕೊಟ್ಟ ಜ್ವರದ ಔಷಧಿ. ಬ್ಯಾಂಡೇಜು, ಚಿಮುಟ, ಚಿಕ್ಕ ಡಬ್ಬಿಯಲ್ಲಿ ಉಪ್ಪು. ನಾಲ್ಕೈದು ಖಾಲಿ ಕವರುಗಳು, ವಾಂತಿಗೆ ಮತ್ತು ಬಳಸಿದ ಡೈಪರಿಗೆ. ಡೈಪರನ್ನು ಕಾಡಿನ ಬದಿ ಎಸೆಯಬೇಡಿ, ಮನೆಗೆ ತಂದು ಹಾಕಿ. ಮಳೆಗಾಲವಾದರೆ ಕಾಲುಚೀಲ ಮೂರು ಜೊತೆ.

ಬುತ್ತಿಗೆ ಹೊಸ ಅಡುಗೆ ಮಾಡಲು ಹೋಗಬೇಡಿ, ಮನೆಯಲ್ಲಿ ದಿನಾ ತಿನ್ನುವುದನ್ನೇ ಕಟ್ಟಿ. ನಾನು ಅಕ್ಕಿ ರೊಟ್ಟಿಗೆ ತುಪ್ಪ-ಬೆಲ್ಲ ಸವರಿ ಸುರುಳಿ ಸುತ್ತಿ ಡಬ್ಬಿಗೆ ಹಾಕುತ್ತೇನೆ. ಕೈ ಅಂಟುವುದಿಲ್ಲ, ಓಡಾಡುತ್ತಲೇ ತಿನ್ನುತ್ತಾರೆ. ಜೊತೆಗೆ ಬಾಳೆಹಣ್ಣು, ಒಗ್ಗರಣೆ ಮಂಡಕ್ಕಿ. ಚಿಕ್ಕ ಮಕ್ಕಳ ಮಂಡಕ್ಕಿಗೆ ಇಡೀ ಶೇಂಗಾಬೀಜ ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅದೂ ಕುಲುಕುವ ಗಾಡಿಯಲ್ಲಿ. ರೈಲಿನಲ್ಲಿ ಹೋಗುವ ದಿನ ಮೊಸರನ್ನ ಬೇಕಾಗುತ್ತದೆ. ಬಿಸಿ ಅನ್ನವನ್ನು ಮೆತ್ತಗೆ ಹಿಸುಕಿ, ಆರಿದ ಮೇಲೆ ಉಗುರುಬೆಚ್ಚಗಿನ ಹಾಲು ಹಾಕಿ ಕಲೆಸಿ, ಒಂದು ಚಮಚ ಮೊಸರು ಸೇರಿಸಿ. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬರುವುದಿಲ್ಲ.

ಮನೆಯ ಊಟಕ್ಕೆ ಹೊರಡುವ ಮೊದಲೇ ಅನ್ನ ಮಾಡಿ ಹಾಟ್‌ಬಾಕ್ಸಿನಲ್ಲಿಡಿ. ಬಂದು ಕುದಿಸಿಕೊಳ್ಳಲು ಒಂದು ಸಾರು, ಇಲ್ಲವೇ ತಂಬುಳಿ. ಅವತ್ತು ಪಲ್ಯ, ಕೋಸಂಬರಿ ಬೇಡ.

ಹಂತ 4: ದಾರಿ

ವಾಂತಿ ಮಾಡುವ ಮಗುವಿಗೆ ಹೊರಡುವ ಮುಂಚೆ ಹೊಟ್ಟೆ ತುಂಬ ಹಾಲು ಕೊಡಬೇಡಿ. ಹೊಟ್ಟೆ ಖಾಲಿಯೂ ಇರಬಾರದು. ಒಂದು ಇಡ್ಲಿ ಅಥವಾ ಸ್ವಲ್ಪ ಅವಲಕ್ಕಿ ತಿನ್ನಿಸಿ, ಅರ್ಧ ಗಂಟೆ ಬಿಟ್ಟು ಹೊರಡಿ. ಗಾಡಿಯಲ್ಲಿ ಮೊಬೈಲ್ ಕೊಡಬೇಡಿ. ದೂರದ ಮರ, ಗುಡ್ಡ ನೋಡುವ ಹಾಗೆ ಮಾತಾಡಿಸಿ. ಕಿಟಕಿ ಸ್ವಲ್ಪ ತೆರೆದಿರಲಿ. ಮೂಸಲು ಒಂದು ನಿಂಬೆಹಣ್ಣು ಕೈಗೆ ಕೊಡಿ. ಇಷ್ಟರಿಂದ ನಮ್ಮ ಮಗಳಿಗೆ ತೀರ್ಥಹಳ್ಳಿ ರಸ್ತೆ ಈಗ ಸಲೀಸು. ಆಗುಂಬೆ ಘಾಟಿಯ 14 ತಿರುವುಗಳಿಗೆ ಮಾತ್ರ ಇನ್ನೂ ಕರೆದುಕೊಂಡು ಹೋಗಿಲ್ಲ.

ಸ್ಕೂಟರಿನಲ್ಲಿ ಹೋಗುವವರು ನಮ್ಮೂರಲ್ಲಿ ಜಾಸ್ತಿ. 9 ತಿಂಗಳಿಂದ 4 ವರ್ಷದ ಮಗುವಿಗೆ ಅದರ ತಲೆಗೆ ಸರಿಹೊಂದುವ ಹೆಲ್ಮೆಟ್ ಬೇಕು. ಓಡಿಸುವವರಿಗೆ ಮಗುವನ್ನು ಕಟ್ಟಿಡುವ ಸುರಕ್ಷತಾ ಪಟ್ಟಿಯೂ ಬೇಕು. ವೇಗ 40 ಕಿ.ಮೀ. ಮೀರಬಾರದು. 2023ರ ಫೆಬ್ರುವರಿಯಿಂದ ಇದು ಕಾನೂನು. ಮಗಳಿಗೆ ನಾಲ್ಕು ದಾಟಿದ ಮೇಲೆ ನಾವು ನಾಲ್ಕು ಜನ ಒಂದೇ ಸ್ಕೂಟರಿನಲ್ಲಿ ಹೋಗುವುದನ್ನು ನಿಲ್ಲಿಸಿದೆವು. ಸಕ್ರೆಬೈಲಿಗೂ ಮಂಡಗದ್ದೆಗೂ ತೀರ್ಥಹಳ್ಳಿ ಬಸ್ಸು ಹತ್ತಿದರೆ ಸಾಕು. ಮಕ್ಕಳಿಗೂ ಬಸ್ಸೇ ಇಷ್ಟ.

ಹಂತ 5: ಇಂಬಳ (ಜಿಗಣೆ), ಉಣುಗು (ಉಣ್ಣೆ)

ಮಲೆನಾಡಿನಲ್ಲಿ ಮಕ್ಕಳ ಜೊತೆ ತಿರುಗುವವರು ಇದನ್ನು ಓದದೆ ಮುಂದೆ ಹೋಗಬೇಡಿ. ಎರಡೂ ರಕ್ತ ಹೀರುವ ಜೀವಗಳೇ, ಆದರೆ ಒಂದಕ್ಕೆ ಹೆದರಬೇಕಾಗಿಲ್ಲ, ಇನ್ನೊಂದಕ್ಕೆ ಎಚ್ಚರ ಬೇಕೇ ಬೇಕು.

ಇಂಬಳ ಮಳೆಗಾಲದ್ದು. ಹಸಿ ಎಲೆ, ಹುಲ್ಲು ಇರುವಲ್ಲಿ ಕಾಲಿಗೆ ಹತ್ತುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಕಾಲಿಗೆ ಕೊಬ್ಬರಿ ಎಣ್ಣೆಗೆ ಸ್ವಲ್ಪ ಉಪ್ಪು ಬೆರೆಸಿ ಸವರಿ. ಹತ್ತಿದರೆ ಎಳೆಯಬೇಡಿ. ಅದರ ಮೇಲೆ ಚಿಟಿಕೆ ಉಪ್ಪು ಹಾಕಿದರೆ ತಾನೇ ಉದುರುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಆಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಸೋಪು-ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಮಗು ಮೊದಲು ನೋಡುವುದು ನಮ್ಮ ಮುಖವನ್ನು. ನಾವು ಕಿರುಚಿದರೆ ಮಗು ಮತ್ತೆ ಆ ಕಡೆ ಕಾಲಿಡುವುದಿಲ್ಲ. ನಮ್ಮ ಅಜ್ಜಿ "ಓ, ನೆಂಟರು ಬಂದ್ರಾ" ಅನ್ನುತ್ತಾ ತೆಗೆಯುತ್ತಿದ್ದರು. ನಾನೂ ಈಗ ಹಾಗೇ ಹೇಳುತ್ತೇನೆ.

ಉಣುಗಿನ ವಿಷಯ ಬೇರೆ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ, ಕಾಡು ಒಣಗಿರುವಾಗ, ಸಾಸಿವೆಯಷ್ಟು ಚಿಕ್ಕ ಉಣುಗುಗಳು ತರಗೆಲೆಯಲ್ಲಿ ಇರುತ್ತವೆ. ಈ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿನೊಳಗೆ ಕರೆದುಕೊಂಡು ಹೋಗಬೇಡಿ, ತರಗೆಲೆ ಮೇಲೆ ಕೂರಿಸಬೇಡಿ. ಊರಂಗಳ, ಹೊಳೆದಂಡೆ, ದೇವಸ್ಥಾನ ಸಾಕು. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಸುಳಿಯಬೇಡಿ, ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತಾರೆ. ಚಿಕ್ಕ ಮಕ್ಕಳಿಗೆ ಹಚ್ಚುವ ಮುಂಚೆ ಅವರನ್ನೇ ಕೇಳಿ.

ಮನೆಗೆ ಬಂದ ಕೂಡಲೇ ಬಟ್ಟೆಯನ್ನೆಲ್ಲ ತೆಗೆಸಿ ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಬಿಸಿನೀರಿನ ಸ್ನಾನ. ಸ್ನಾನ ಮಾಡಿಸುವಾಗಲೇ ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದು, ಮೊಣಕಾಲಿನ ಹಿಂದೆ, ಕೂದಲ ಬುಡ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಚಿವುಟಬೇಡಿ, ಬೆರಳಲ್ಲಿ ಹಿಸುಕಬೇಡಿ. ಮುಂದಿನ ಹತ್ತು ದಿನದಲ್ಲಿ ಮಗುವಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಡಾಕ್ಟರಿಗೆ "ಕಾಡಿನ ಕಡೆ ಹೋಗಿದ್ವಿ" ಅಂತ ನೀವೇ ಮೊದಲು ಹೇಳಿ.

ಹಂತ 6: ಹೊರಡಲಾಗದ ಭಾನುವಾರ

ಜುಲೈಯಲ್ಲಿ ಒಂದೊಂದು ವಾರ ಮಳೆ ಬಿಡುವುದೇ ಇಲ್ಲ. ಅವತ್ತು ಕೊಡೆ ಹಿಡಿದು ಹತ್ತು ನಿಮಿಷ ತುಂಗೆ ನೋಡಿ ಬರುತ್ತೇವೆ. ಕೋರ್ಪಳಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ಇರುವ ಮಂಟಪ ಎಷ್ಟು ಮುಳುಗಿದೆ ಅಂತ ದೂರದಿಂದಲೇ ನೋಡುವುದು. ಮಂಟಪ ಪೂರ್ತಿ ಮುಳುಗಿದರೆ ಹೊಳೆ ತುಂಬಿತು ಅಂತ ಊರಿನವರ ಲೆಕ್ಕ, ಬಾಗಿನ ಕೊಡುತ್ತಾರೆ. ಮಗಳು ಪ್ರತಿ ವಾರ ಪುಸ್ತಕದಲ್ಲಿ ಮಂಟಪದ ಚಿತ್ರ ಬರೆದು ನೀರಿನ ಗೆರೆ ಎಳೆಯುತ್ತಾಳೆ.

ಮನೆಗೆ ಬಂದು ಚನ್ನೆಮಣೆ, ಸುಟ್ಟ ಹಲಸಿನ ಬೀಜ. ಕಡುಬಿನ ಹಿಟ್ಟನ್ನು ಮಕ್ಕಳ ಕೈಗೆ ಕೊಟ್ಟು ಉಂಡೆ ಕಟ್ಟಲು ಹೇಳಿ. ಆನೆಯೋ ಆಮೆಯೋ ಏನೇ ಮಾಡಿದರೂ ಹಾಗೇ ಬೇಯಿಸಿ, ಅವರವರು ಮಾಡಿದ್ದನ್ನು ಅವರವರೇ ತಿನ್ನುತ್ತಾರೆ.

ಹಂತ 7: ಭಾನುವಾರ ಮಧ್ಯಾಹ್ನ

ಊಟ ಆಯಿತು, ಮಕ್ಕಳು ಮಲಗಿದರು. ಈಗ ಎರಡು ಗಂಟೆ ಮನೆಯಲ್ಲಿ ಯಾರೂ ಯಾವ ಕೆಲಸವನ್ನೂ ಮಾಡುವುದಿಲ್ಲ ಅಂತ ನಾವು ಒಪ್ಪಿಕೊಂಡಿದ್ದೇವೆ. ಪಾತ್ರೆ ಹಾಗೇ ಇರಲಿ. ನಾನೂ ಮಲಗುತ್ತೇನೆ. ತಾಯಂದಿರೇ, ದಯವಿಟ್ಟು ಈ ಎರಡು ಗಂಟೆಯನ್ನು ಬಟ್ಟೆ ಮಡಚುವುದಕ್ಕೆ ಕೊಡಬೇಡಿ.

ಸಂಜೆ ಕಾಫಿ ಆದ ಮೇಲೆ ಮಕ್ಕಳನ್ನು ಕೂರಿಸಿಕೊಂಡು "ಇವತ್ತು ಏನು ನೋಡ್ದೆ?" ಅಂತ ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮ ಪುಸ್ತಕದಲ್ಲಿ ಮಗನ ಹೋದ ತಿಂಗಳ ಸಾಲು: "ಆನೆ ಕಿವಿ ಒಳಗೂ ತೊಳೀತಾರೆ."

ಆಮೇಲೆ ಚೀಲ ಖಾಲಿ ಮಾಡಿ. ಒದ್ದೆ ಬಟ್ಟೆ ರಾತ್ರಿ ಒಳಗೇ ಉಳಿದರೆ ಬೂಷ್ಟು ಹಿಡಿಯುತ್ತದೆ, ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹರವಿ. ಒಆರ್‌ಎಸ್, ಬ್ಯಾಂಡೇಜು, ಉಪ್ಪು ಯಾವುದು ಮುಗಿದಿದೆಯೋ ಅದನ್ನು ಅವತ್ತೇ ತುಂಬಿಸಿ, ಎರಡು ಜೊತೆ ಒಣ ಕಾಲುಚೀಲ ಹಾಕಿ, ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ. ಮಗಳ ಯೂನಿಫಾರಂ ಇಸ್ತ್ರಿಯಾಗಿದೆಯಾ ಅಂತ ಒಂದು ಸಲ ನೋಡಿ ಮಲಗಿ.